ಔಟ್‌ಬೋರ್ಡ್ ಮೋಟಾರು ಮಿಸ್ ಹೊಡೆಯುತ್ತಿದೆಯಾ? ಬಿಡಿಭಾಗ ಕೊಳ್ಳುವ ಮೊದಲು ಇಷ್ಟು ನೋಡಿ

"ಹೊಸ ಪ್ಲಗ್ ಹಾಕಿದೆ, ಆದರೂ ಮೋಟಾರು ಮಿಸ್ ಹೊಡೆಯುತ್ತಿದೆ. ಇನ್ನೇನು ಬದಲಾಯಿಸಲಿ?" ಔಟ್‌ಬೋರ್ಡ್ ಮೋಟಾರು, ಅಂದರೆ ಬೋಟ್‌ನ ಹಿಂಬದಿಗೆ ಹೊರಗಿನಿಂದ ಕೂರಿಸುವ ಇಂಜಿನ್, ಇಟ್ಟುಕೊಂಡವರು ಪದೇಪದೇ ಕೇಳುವ ಪ್ರಶ್ನೆ ಇದು. ಸದ್ಯಕ್ಕೆ ಏನನ್ನೂ ಬದಲಾಯಿಸಬೇಡಿ. ಮೊದಲು ಎರಡು ವಿಷಯ ಪತ್ತೆ ಮಾಡಿ. ಮಿಸ್ ಯಾವಾಗ ಬರುತ್ತಿದೆ? ಯಾವ ಸಿಲಿಂಡರ್‌ನಲ್ಲಿ ಬರುತ್ತಿದೆ? ಇವೆರಡು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಗೊತ್ತಿಲ್ಲದೆ ಇವತ್ತು ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಸುರುಳಿ), ನಾಳೆ ಪವರ್‌ಪ್ಯಾಕ್ (ಕಾಯಿಲ್‌ಗೆ ಕರೆಂಟ್ ಬಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಅಂತ ತರುತ್ತಾ ಹೋದರೆ ಜೇಬು ಖಾಲಿಯಾಗುತ್ತದೆ, ಮೋಟಾರು ಮಾತ್ರ ಹಾಗೇ ಇರುತ್ತದೆ.

ಮಿಸ್ ಹೊಡೆಯುವುದು ಅಂದರೆ ಯಾವುದೋ ಒಂದು ಸಿಲಿಂಡರ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಸರಿಯಾದ ಕ್ಷಣಕ್ಕೆ ಉರಿಯದೆ ಹೋಗುವುದು. ಉರಿಯಲು ಮೂರು ಬೇಕು: ಅಳತೆಗೆ ತಕ್ಕ ಮಿಶ್ರಣ, ಜೋರಾದ ಕಿಡಿ, ಕಂಪ್ರೆಷನ್. ಕಂಪ್ರೆಷನ್ ಅಂದರೆ ಪಿಸ್ಟನ್ ಮೇಲೆ ಬಂದಾಗ ಸಿಲಿಂಡರ್ ಒಳಗೆ ಹುಟ್ಟುವ ಒತ್ತಡ. ಕೆಳಗಿನ ಹಂತಗಳೆಲ್ಲ ಈ ಮೂರರಲ್ಲಿ ಯಾವುದು ಕೈಕೊಟ್ಟಿದೆ ಅಂತ ಹುಡುಕುವ ದಾರಿಗಳು.

ಒಂದು ಎಚ್ಚರಿಕೆ ಈಗಲೇ ಹೇಳಬೇಕು. ನಿಮ್ಮದು ಟೂ-ಸ್ಟ್ರೋಕ್ ಆಗಿದ್ದರೆ, ಮಿಸ್ ಹೊಡೆಯುತ್ತಿದ್ದರೂ "ದಡ ಸೇರಲಿ" ಅಂತ ಫುಲ್ ಥ್ರಾಟಲ್ ಕೊಟ್ಟು ಓಡಿಸಬೇಡಿ. ಹೆಚ್ಚಿನ ಟೂ-ಸ್ಟ್ರೋಕ್‌ಗಳಲ್ಲಿ ಪಿಸ್ಟನ್‌ಗೆ ಬೇಕಾದ ಆಯಿಲ್ ಪೆಟ್ರೋಲ್ ಜೊತೆಗೇ ಬರುತ್ತದೆ. ಪೆಟ್ರೋಲ್ ಕಡಿಮೆಯಾಗಿ ಮಿಸ್ ಆಗುತ್ತಿದ್ದರೆ ಆ ಸಿಲಿಂಡರ್‌ಗೆ ಆಯಿಲ್ ಕೂಡ ಕಡಿಮೆ ಹೋಗುತ್ತಿರುತ್ತದೆ. ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬೊರೇಟರ್‌ನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಸ್ವಚ್ಛ ಮಾಡಿದ್ದರೆ ಮುಗಿಯುತ್ತಿದ್ದ ಕೆಲಸ ಪಿಸ್ಟನ್ ಜಾಮ್ ಆಗುವವರೆಗೆ ಹೋಗುತ್ತದೆ. ನಿಧಾನವಾಗಿ ವಾಪಸ್ ಬನ್ನಿ.

ಏನೇನು ಬೇಕು

ಪ್ಲಗ್ ಸ್ಪ್ಯಾನರ್, ಗ್ಯಾಪ್ ಅಳೆಯುವ ಗೇಜ್, ಮಲ್ಟಿಮೀಟರ್, ಗ್ಯಾಪ್ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್, ಕಂಪ್ರೆಷನ್ ಗೇಜ್, ಒಂದು ಸ್ವಚ್ಛವಾದ ಗಾಜಿನ ಬಾಟಲಿ, ಹೊಸ ಪೆಟ್ರೋಲ್ ತುಂಬಿದ ಚಿಕ್ಕ ಟ್ಯಾಂಕ್ ಮತ್ತು ಅದರದ್ದೇ ಹೋಸ್. ಟೈಮಿಂಗ್ ಲೈಟ್ (ಪ್ಲಗ್ ವಯರ್‌ನಲ್ಲಿ ಕರೆಂಟ್ ಹರಿದಾಗಲೆಲ್ಲ ಮಿನುಗುವ ದೀಪ) ಎರವಲು ಸಿಕ್ಕರೂ ಸಾಕು, ತುಂಬ ಉಪಯೋಗಕ್ಕೆ ಬರುತ್ತದೆ. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಅಂತೂ ಇರಲೇಬೇಕು. ಪ್ಲಗ್ ಗ್ಯಾಪ್, ಕಾಯಿಲ್‌ನ ಓಮ್ಸ್, ವಯರ್‌ಗಳ ಬಣ್ಣ ಒಂದೊಂದು ಮೋಟಾರಿಗೆ ಒಂದೊಂದು ಥರ ಇರುತ್ತವೆ.

ದಡದಲ್ಲಿ ಸ್ಟಾರ್ಟ್ ಮಾಡುವುದಾದರೆ ಮೋಟಾರು ನೀರು ಎಳೆದುಕೊಳ್ಳುವ ಜಾಗಕ್ಕೆ ನೀರಿನ ಹೋಸ್ ಕಟ್ಟಿ, ಇಲ್ಲವೇ ಮೋಟಾರಿನ ಕಾಲನ್ನು, ಅಂದರೆ ಕೆಳಭಾಗವನ್ನು, ನೀರಿನ ಡ್ರಮ್‌ನಲ್ಲಿ ಮುಳುಗಿಸಿ. ನೀರಿಲ್ಲದೆ ಓಡಿದರೆ ಇಂಪೆಲ್ಲರ್, ಅಂದರೆ ನೀರೆತ್ತುವ ರಬ್ಬರ್ ಚಕ್ರ, ಕೆಲವೇ ಸೆಕೆಂಡುಗಳಲ್ಲಿ ಸವೆಯಲು ಶುರುವಾಗುತ್ತದೆ. ಹೋಸ್ ಕಟ್ಟಿದಾಗ ಐಡಲ್‌ಗಿಂತ (ಥ್ರಾಟಲ್ ಕೊಡದೆ ನಿಧಾನಕ್ಕೆ ಓಡುವ ವೇಗ) ಜಾಸ್ತಿ ಎಬ್ಬಿಸಬೇಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಸಾಧ್ಯವಾದರೆ ಪ್ರೊಪೆಲ್ಲರ್ ಬಿಚ್ಚಿಡಿ. ಬಯಲಲ್ಲೇ ಕೆಲಸ ಮಾಡಿ, ಮುಚ್ಚಿದ ಶೆಡ್‌ನಲ್ಲಿ ಹೊಗೆ ಪ್ರಾಣಕ್ಕೇ ಅಪಾಯ. ಕವರ್ ತೆಗೆದ ಮೇಲೆ ಫ್ಲೈವೀಲ್, ಅಂದರೆ ಇಂಜಿನ್ ಮೇಲೆ ತಿರುಗುವ ಭಾರದ ಚಕ್ರದ, ಹತ್ತಿರ ಸಡಿಲ ಬಟ್ಟೆ, ಬಿಟ್ಟ ಕೂದಲು ಬೇಡ.

ಹಂತ 1: ಮಿಸ್ ಯಾವಾಗ ಬರುತ್ತದೆ, ಬರೆದಿಟ್ಟುಕೊಳ್ಳಿ

ಸ್ಪ್ಯಾನರ್ ಮುಟ್ಟುವ ಮೊದಲು ಪೆನ್ನು ಹಿಡಿಯಿರಿ. ಐಡಲ್‌ನಲ್ಲಿ ಮಾತ್ರ ಕೆಮ್ಮಿ, ವೇಗ ಏರಿದ ಮೇಲೆ ಸರಿಹೋದರೆ ಮೊದಲ ಅನುಮಾನ ಕಾರ್ಬೊರೇಟರ್‌ನ ಐಡಲ್ ಜೆಟ್ ಮೇಲೆ. ಐಡಲ್ ಚೆನ್ನಾಗಿದ್ದು ಜೋರಾಗಿ ಓಡಿಸುವಾಗ ಸೊರಗಿದರೆ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ, ಅಥವಾ ಭಾರ ಬಿದ್ದಾಗ ಕಿಡಿ ಸೋಲುತ್ತಿದೆ. ತಣ್ಣಗಿರುವಾಗ ಸರಿಯಿದ್ದು, ಕಾದ ಮೇಲೆ ಮಿಸ್ ಶುರುವಾಗಿ, ಆರಿಸಿ ತಣಿಸಿದರೆ ಮತ್ತೆ ಸರಿಹೋದರೆ ಕಾಯಿಲ್ ಅಥವಾ ಪವರ್‌ಪ್ಯಾಕ್ ಕಡೆ ನೋಡಿ. ಬಿಸಿಗೆ ಒಳಗಿನ ತಂತಿ ಬಿಟ್ಟುಕೊಳ್ಳುವುದು ಇವುಗಳ ಹಳೇ ಚಾಳಿ. ಮಳೆಯಲ್ಲಿ ಅಥವಾ ನೀರು ಸಿಡಿದಾಗ ಮಾತ್ರ ಬಂದರೆ ಪ್ಲಗ್ ವಯರ್, ಕ್ಯಾಪ್‌ಗಳಲ್ಲಿ ಎಲ್ಲೋ ಕರೆಂಟ್ ಸೋರುತ್ತಿದೆ.

ಕಿವಿಗೂ ಕೆಲಸ ಕೊಡಿ. ಪೆಟ್ರೋಲ್ ತೊಂದರೆಯಾದರೆ ಸಾಮಾನ್ಯವಾಗಿ ಇಂಜಿನ್ ನಿಧಾನಕ್ಕೆ ಸೊರಗುತ್ತದೆ, ಒಮ್ಮೆ ಎದ್ದು ಮತ್ತೆ ಬೀಳುತ್ತದೆ. ಕಿಡಿಯ ತೊಂದರೆ ಸ್ವಿಚ್ ಒತ್ತಿದ ಹಾಗೆ ಥಟ್ಟನೆ ಬಂದು ಥಟ್ಟನೆ ಹೋಗುತ್ತದೆ. ಇದು ನೂರಕ್ಕೆ ನೂರು ನಿಜ ಅಲ್ಲ, ಆದರೆ ಹುಡುಕಲು ಶುರುಮಾಡಲು ಸಾಕು.

ಹಂತ 2: ಅದು ನಿಜಕ್ಕೂ ಮಿಸ್ಸಾ?

ಎಷ್ಟೋ ಸಲ ಅಲ್ಲ. ಈಚಿನ ಮೋಟಾರುಗಳಲ್ಲಿ ಇಂಜಿನ್ ಬಿಸಿಯಾದರೆ ಅಥವಾ ಆಯಿಲ್ ಪ್ರೆಷರ್ ಬಿದ್ದರೆ ಕಂಪ್ಯೂಟರ್ ತಾನಾಗಿಯೇ ಕಿಡಿ ಕಡಿತ ಮಾಡಿ ವೇಗ ಇಳಿಸುತ್ತದೆ. ಕೂತವರಿಗೆ ಅದು ಥೇಟ್ ಮಿಸ್ ಹೊಡೆದ ಹಾಗೇ ಅನಿಸುತ್ತದೆ. ಬಜರ್ ಕೂಗುತ್ತಿದೆಯಾ, ದೀಪ ಮಿನುಗುತ್ತಿದೆಯಾ ನೋಡಿ. ಹಿಂದಿನಿಂದ ಚಿಮ್ಮುವ ಚಿಕ್ಕ ನೀರಿನ ಧಾರೆ ಸಣ್ಣಗಾಗಿದ್ದರೆ ತೊಂದರೆ ಕೂಲಿಂಗ್‌ನಲ್ಲಿದೆ.

ಇನ್ನೊಂದಿದೆ. ಇಂಜಿನ್ ಗುರ್ ಅಂತ ಏರುತ್ತದೆ, ಬೋಟ್ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಆಗ ಪ್ರೊಪೆಲ್ಲರ್ ಒಳಗಿನ ರಬ್ಬರ್ ಬುಷ್ ಜಾರುತ್ತಿರಬಹುದು. ಇಂಜಿನ್ ಬಿಚ್ಚುವ ಅಗತ್ಯವೇ ಇಲ್ಲ.

ಹಂತ 3: ಪೆಟ್ರೋಲ್, ಟ್ಯಾಂಕ್‌ನಿಂದ ಮೋಟಾರಿನವರೆಗೆ

ಜಾಸ್ತಿ ಸಮಯ ಕೊಡಬೇಕಾದ ಹಂತ ಇದು. ಹೊರಗಿನಿಂದಲೇ, ಏನನ್ನೂ ಕೊಳ್ಳದೆ ಮಾಡಬಹುದು.

ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದಿದೆಯಾ? ನಗಬೇಡಿ, ತೆರೆಯಲು ಮರೆತು ಕಾರ್ಬೊರೇಟರ್ ಬಿಚ್ಚಿದವರು ಬೇಕಾದಷ್ಟು ಜನ ಇದ್ದಾರೆ. ಗಾಳಿ ಒಳಗೆ ಹೋಗದಿದ್ದರೆ ಟ್ಯಾಂಕ್‌ನಲ್ಲಿ ನಿರ್ವಾತ ಹುಟ್ಟುತ್ತದೆ. ಸ್ವಲ್ಪ ಹೊತ್ತು ಚೆನ್ನಾಗಿ ಓಡಿದ ಮೋಟಾರು ಆಮೇಲೆ ಒಣಗುತ್ತದೆ.

ನಂತರ ಗಾಜಿನ ಬಾಟಲಿ. ಟ್ಯಾಂಕ್ ತಳದಿಂದ ಮತ್ತು ಫಿಲ್ಟರ್‌ನಿಂದ ಸ್ವಲ್ಪ ಪೆಟ್ರೋಲ್ ಹಿಡಿದು ಅಲುಗಿಸದೆ ಇಡಿ. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್‌ನಲ್ಲಿ ಇನ್ನೊಂದು ತಲೆನೋವು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. 10 ಶೇಕಡಾ ಎಥೆನಾಲ್ ಇರುವ ಪೆಟ್ರೋಲ್ ಅರ್ಧ ಶೇಕಡಾದಷ್ಟು ನೀರನ್ನು ಕರಗಿಸಿಕೊಳ್ಳಬಲ್ಲದು. ಅದಕ್ಕಿಂತ ಜಾಸ್ತಿಯಾದರೆ ನೀರೂ ಎಥೆನಾಲೂ ಒಟ್ಟಿಗೆ ಬೇರ್ಪಟ್ಟು ತಳ ಸೇರುತ್ತವೆ. ಟ್ಯಾಂಕ್‌ನ ಹೀರುವ ಕೊಳವೆ ಇರುವುದೂ ತಳದಲ್ಲೇ ಅಲ್ವಾ? ಹೀಗೆ ಒಡೆದ ಪೆಟ್ರೋಲನ್ನು ಅಲುಗಿಸಿ, ಏನೋ ಬೆರೆಸಿ ಸರಿಮಾಡಲು ಆಗುವುದಿಲ್ಲ. ಪೂರ್ತಿ ತೆಗೆದು ಟ್ಯಾಂಕ್ ತೊಳೆಯಿರಿ. ತಿಂಗಳುಗಟ್ಟಲೆ ನಿಂತು ವಾರ್ನಿಷ್ ವಾಸನೆ ಬರುವ ಪೆಟ್ರೋಲ್‌ಗೂ ಇದೇ ಗತಿ.

ಟೂ-ಸ್ಟ್ರೋಕ್‌ನವರು ಆಯಿಲ್ ಅಳತೆಯನ್ನೂ ನೋಡಿಕೊಳ್ಳಿ. 50ಕ್ಕೆ 1 ಅಂದರೆ ಲೀಟರ್ ಪೆಟ್ರೋಲ್‌ಗೆ 20 ಮಿಲಿ ಆಯಿಲ್. "ಇರಲಿ, ಇಂಜಿನ್‌ಗೆ ಒಳ್ಳೇದು" ಅಂತ ಕೈಬೀಸಿ ಸುರಿದರೆ ಪ್ಲಗ್ ಜಿಡ್ಡಾಗಿ ಮಿಸ್ ಶುರುವಾಗುತ್ತದೆ.

ಈಗ ಪ್ರೈಮರ್ ಬಲ್ಬ್, ಅಂದರೆ ಹೋಸ್ ನಡುವೆ ಇರುವ ಕೈಯಲ್ಲಿ ಒತ್ತುವ ರಬ್ಬರ್ ಉಂಡೆ. ಇದು ತುಂಬ ವಿಷಯ ಹೇಳುತ್ತದೆ. ಬಾಣದ ಗುರುತು ಮೋಟಾರಿನ ಕಡೆ ಇರಬೇಕು, ಒತ್ತುವಾಗ ಆ ತುದಿ ಮೇಲಿರಬೇಕು. ನಾಲ್ಕಾರು ಸಲ ಒತ್ತಿದ ಮೇಲೆ ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಅಥವಾ ಬಲ್ಬ್ ಒಳಗಿನ ವಾಲ್ವ್ ಕೆಟ್ಟಿದೆ. ಓಡುವಾಗ ಬಲ್ಬ್ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾದರೆ ಬಲ್ಬ್ ಮತ್ತು ಟ್ಯಾಂಕ್ ನಡುವೆ ಅಡಚಣೆ ಇದೆ.

ಮಿಸ್ ಬರುತ್ತಿರುವಾಗಲೇ ಮಾಡಬೇಕಾದ ಎರಡು ಪರೀಕ್ಷೆಗಳಿವೆ. ಇನ್ನೊಬ್ಬರಿಗೆ ಬೋಟ್ ಓಡಿಸಲು ಹೇಳಿ, ನೀವು ಬಲ್ಬ್ ಒತ್ತುತ್ತಾ ಇರಿ. ಇಂಜಿನ್ ಚೇತರಿಸಿಕೊಂಡರೆ ಪೆಟ್ರೋಲ್ ಬರುತ್ತಿಲ್ಲ ಅಂತ ಖಾತ್ರಿ. ಮೋಟಾರಿನ ಮೇಲಿರುವ ಪಂಪ್ ಸೋತಿರಬಹುದು, ಇಲ್ಲವೇ ಹೋಸ್ ಗಾಳಿ ಎಳೆಯುತ್ತಿರಬಹುದು. ಎರಡನೆಯದು ಚೋಕ್, ಅಂದರೆ ಗಾಳಿ ತಗ್ಗಿಸಿ ಪೆಟ್ರೋಲ್ ಪಾಲು ಹೆಚ್ಚಿಸುವ ಮುಚ್ಚಳ. ಕ್ಷಣಕಾಲ ಚೋಕ್ ಎಳೆಯಿರಿ. ಇಂಜಿನ್ ಸುಧಾರಿಸಿದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ. ಇನ್ನೂ ಹದಗೆಟ್ಟರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ಸರಿಯಿಲ್ಲ.

ಕೊನೆಗೆ, ಬೋಟ್‌ನ ಟ್ಯಾಂಕ್, ಹೋಸ್, ಫಿಲ್ಟರ್ ಎಲ್ಲ ಬದಿಗಿಟ್ಟು ಚಿಕ್ಕ ಟ್ಯಾಂಕ್‌ನ ಹೊಸ ಪೆಟ್ರೋಲ್‌ನಿಂದ ಓಡಿಸಿ. ಮಿಸ್ ಹೋಯಿತಾ? ತೊಂದರೆ ಬೋಟ್‌ನಲ್ಲಿದೆ, ಮೋಟಾರನ್ನು ಮುಟ್ಟಬೇಡಿ. ಹೋಸ್ ಕನೆಕ್ಟರ್‌ನ ಓ-ರಿಂಗ್, ನೀರು ಬೇರ್ಪಡಿಸುವ ಫಿಲ್ಟರ್, ಟ್ಯಾಂಕ್ ಬಾಯಲ್ಲಿರುವ ಆಂಟಿ-ಸೈಫನ್ ವಾಲ್ವ್ ಒಂದೊಂದಾಗಿ ನೋಡಿ. ಈ ವಾಲ್ವ್ ಹೋಸ್ ತುಂಡಾದರೆ ಟ್ಯಾಂಕ್ ತಾನೇ ಖಾಲಿಯಾಗದಂತೆ ತಡೆಯಲು ಇರುತ್ತದೆ. ತುಕ್ಕು ಹಿಡಿದು ಅರ್ಧ ಮುಚ್ಚಿಕೊಂಡಿದ್ದರೆ ಜೋರು ವೇಗದಲ್ಲಿ ಮಾತ್ರ ಸತಾಯಿಸುತ್ತದೆ. ಮಿಸ್ ಹೋಗಲಿಲ್ಲವೇ? ಮುಂದಕ್ಕೆ ಹೋಗಿ. ಈ ಒಂದು ಪರೀಕ್ಷೆಯನ್ನು ಯಾರೂ ಬಿಡಬಾರದು ಅಂತ ನನ್ನ ಅಭಿಪ್ರಾಯ.

ಹಂತ 4: ಪ್ಲಗ್‌ಗಳನ್ನು ಓದಿ

ಮಿಸ್ ಹೊಡೆಯುವ ವೇಗದಲ್ಲೇ ಸ್ವಲ್ಪ ಹೊತ್ತು ಓಡಿಸಿ, ಐಡಲ್‌ಗೆ ಇಳಿಸದೆ ತಕ್ಷಣ ಆರಿಸಿ. ಹೀಗೆ ಮಾಡುವ ಮೊದಲು ಸುತ್ತ ಬೋಟ್‌ಗಳಿಲ್ಲ ಅಂತ ನೋಡಿಕೊಳ್ಳಿ. ಪ್ಲಗ್ ಬಿಚ್ಚಿ ಸಿಲಿಂಡರ್ ಕ್ರಮದಲ್ಲೇ ಜೋಡಿಸಿಡಿ. ಒಂದರ ಪಕ್ಕ ಒಂದಿಟ್ಟು ನೋಡಿದರೆ ಬೇರೆ ಥರ ಇರುವುದು ತಾನೇ ಎದ್ದು ಕಾಣುತ್ತದೆ.

ತಿಳಿ ಕಂದು ಬಣ್ಣ ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಪೆಟ್ರೋಲ್ ಕಡಿಮೆಯಾಗಿ ವಿಪರೀತ ಕಾದಿದೆ, ಇನ್ನು ಓಡಿಸಬೇಡಿ. ಒದ್ದೆಯಾಗಿದ್ದು ಪೆಟ್ರೋಲ್ ವಾಸನೆ ಬಂದರೆ ಆ ಸಿಲಿಂಡರ್ ಉರಿಯುತ್ತಿಲ್ಲ. ಎಲ್ಲವೂ ಕಂದಾಗಿದ್ದು ಒಂದು ಮಾತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದರೆ ಖುಷಿಪಡಬೇಡಿ. ಆ ಸಿಲಿಂಡರ್‌ಗೆ ನೀರು ಹೋಗುತ್ತಿರಬಹುದು, ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಮತ್ತು ಅದರ ಮೇಲಿನ ಹೆಡ್ ನಡುವೆ ಸೋರದಂತೆ ತಡೆಯುವ ಹಾಳೆ) ಕಡೆ ಅನುಮಾನಪಡಿ.

ಟೂ-ಸ್ಟ್ರೋಕ್‌ನಲ್ಲಿ ಪ್ರತಿ ಸಲ ಅದೇ ಒಂದು ಪ್ಲಗ್ ಒದ್ದೆಯಾಗುತ್ತಿದ್ದರೆ, ಕಿಡಿಯೂ ಚೆನ್ನಾಗಿದ್ದರೆ, ಪೆಟ್ರೋಲ್ ಪಂಪ್‌ನ ಡಯಾಫ್ರಾಮ್ ನೋಡಿ. ಇದು ಪಂಪ್ ಒಳಗಿನ ತೆಳ್ಳನೆ ಹಾಳೆ. ಒಂದು ಸಿಲಿಂಡರ್‌ನ ಕ್ರ್ಯಾಂಕ್‌ಕೇಸ್ (ಪಿಸ್ಟನ್ ಕೆಳಗಿನ ಕೋಣೆ) ಒತ್ತಡದಿಂದ ಅದು ಬಡಿದುಕೊಳ್ಳುತ್ತದೆ. ಹರಿದರೆ ಪೆಟ್ರೋಲ್ ನೇರವಾಗಿ ಅದೇ ಸಿಲಿಂಡರ್‌ಗೆ ನುಗ್ಗುತ್ತದೆ. ಕಾಯಿಲ್ ಬದಲಾಯಿಸಿ ಬದಲಾಯಿಸಿ ಸುಸ್ತಾದವರ ಮೋಟಾರಿನಲ್ಲಿ ಈ ತೊಂದರೆ ಅಡಗಿರುವುದುಂಟು.

ಪ್ಲಗ್ ಹಳೆಯದಾಗಿದ್ದರೆ ಉಜ್ಜಿ ಹಾಕುವ ಬದಲು ಹೊಸದು ಹಾಕಿ. ಮ್ಯಾನ್ಯುಯಲ್ ಹೇಳಿದ ನಂಬರೇ ಆಗಿರಲಿ. ರೆಸಿಸ್ಟರ್ ಪ್ಲಗ್ ಇರಬೇಕಾದ ಕಡೆ ಮಾಮೂಲಿ ಪ್ಲಗ್ ಹಾಕಿದರೆ ಅದರ ವಿದ್ಯುತ್ ಗದ್ದಲಕ್ಕೆ ಇಂಜಿನ್ ಕಂಪ್ಯೂಟರ್ ತಲೆಕೆಡಿಸಿಕೊಳ್ಳಬಹುದು. ಮೊದಲು ಬೆರಳಿಂದಲೇ ತಿರುಗಿಸಿ ಕೂರಿಸಿ. ವಾಷರ್ ಇರುವ ಹೊಸ ಪ್ಲಗ್‌ಗೆ ಆಮೇಲೆ ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತು ಅಥವಾ ಸ್ವಲ್ಪ ಹೆಚ್ಚು ಸಾಕು. ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಕಿತ್ತುಹೋದರೆ ಮಿಸ್‌ಗಿಂತ ದೊಡ್ಡ ಕಷ್ಟ.

ಹಂತ 5: ಯಾವ ಸಿಲಿಂಡರ್?

ಓಡುವ ಇಂಜಿನ್‌ನಲ್ಲಿ ಒಂದೊಂದೇ ಪ್ಲಗ್ ಕ್ಯಾಪ್ ಕಿತ್ತು ನೋಡುವುದು ಹಳೆಯ ರೂಢಿ. ದಯವಿಟ್ಟು ಬೇಡ. ಪ್ಲಗ್ ವಯರ್‌ನಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ. ಹೋಗಲು ದಾರಿ ಸಿಗದಿದ್ದರೆ ಅದು ಕಾಯಿಲನ್ನೋ ಪವರ್‌ಪ್ಯಾಕನ್ನೋ ಸುಡಬಹುದು, ಇಲ್ಲವೇ ನಿಮ್ಮ ಕೈ ಹಿಡಿಯಬಹುದು. ಪಕ್ಕದಲ್ಲೇ ಪೆಟ್ರೋಲ್ ಆವಿ ಬೇರೆ.

ಟೈಮಿಂಗ್ ಲೈಟ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಕ್ಲಿಪ್ಪನ್ನು ಒಂದೊಂದೇ ಪ್ಲಗ್ ವಯರ್‌ಗೆ ಹಾಕಿ ಬೆಳಕು ನೋಡಿ. ಮಿಸ್ ಆಗುವ ಹೊತ್ತಿಗೆ ಸರಿಯಾಗಿ ಬೆಳಕೂ ತಪ್ಪಿದರೆ ಕಿಡಿಯ ತೊಂದರೆ. ಬೆಳಕು ಒಂದೇ ಸಮ ಮಿನುಗುತ್ತಿದ್ದರೂ ಸಿಲಿಂಡರ್ ಸತ್ತಿದ್ದರೆ ಪ್ಲಗ್, ಪೆಟ್ರೋಲ್ ಅಥವಾ ಕಂಪ್ರೆಷನ್. ಭಾರ ಬಿದ್ದಾಗ ಮಾತ್ರ ಮಿಸ್ ಬರುವುದಾದರೆ ಇದನ್ನು ನೀರಿನಲ್ಲೇ ಮಾಡಬೇಕು. ಆಗ ಸ್ಟಿಯರಿಂಗ್ ಇನ್ನೊಬ್ಬರ ಕೈಯಲ್ಲಿರಲಿ.

ಹಂತ 6: ಕಿಡಿಯ ದಾರಿ

ಮೊದಲು ಸಸ್ತಾ ಕಾರಣಗಳು. ಪ್ಲಗ್ ಕ್ಯಾಪ್ ಒಳಗೆ ಹಸಿರು ಪಾಚಿಯಂಥ ತುಕ್ಕು ಇದೆಯಾ? ವಯರ್ ಬಿರುಕು ಬಿಟ್ಟಿದೆಯಾ? ಕಾಯಿಲ್‌ನ ಅರ್ತ್ ವಯರ್ ಬಿಗಿಯಾಗಿದೆಯಾ? ಕತ್ತಲಲ್ಲಿ ಕವರ್ ತೆಗೆದು ಐಡಲ್‌ನಲ್ಲಿ ನೋಡಿದರೆ ಕರೆಂಟ್ ಸೋರುವ ಜಾಗದಲ್ಲಿ ನೀಲಿ ಕಿಡಿ ಹಾರುವುದು ಕಾಣುತ್ತದೆ.

ಸ್ಪಾರ್ಕ್ ಟೆಸ್ಟರ್ ಹಾಕುವಾಗ ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಎಷ್ಟೋ ಮೋಟಾರುಗಳಿಗೆ 11 ಮಿಮೀ ಹತ್ತಿರದ ಗ್ಯಾಪ್ ಹೇಳುತ್ತಾರೆ. ನಿಮ್ಮದಕ್ಕೆ ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿ. ಅಷ್ಟು ದೂರವನ್ನು ಗಟ್ಟಿಯಾದ ನೀಲಿ ಕಿಡಿ ದಾಟಬೇಕು. ಹೊರಗೆ ತೆಗೆದ ಪ್ಲಗ್ಗನ್ನೇ ಹೆಡ್‌ಗೆ ತಾಗಿಸಿ "ಕಿಡಿ ಬಂತು" ಅಂತ ತೀರ್ಮಾನಿಸಬೇಡಿ. ಬರೀ ಗಾಳಿಯಲ್ಲಿ ಚಿಕ್ಕ ಗ್ಯಾಪ್ ದಾಟುವ ಕಿಡಿ ಕಂಪ್ರೆಷನ್ ಒತ್ತಡದಲ್ಲಿ ಸೋಲಬಹುದು.

ಒಂದು ಸಿಲಿಂಡರ್‌ನಲ್ಲಿ ಕಿಡಿ ಇಲ್ಲದಿದ್ದರೆ, ಕಾಯಿಲ್‌ಗಳು ಬೇರೆಬೇರೆ ಇದ್ದರೆ, ಅದಲು ಬದಲು ಮಾಡಿ. ಮಿಸ್ ಕಾಯಿಲ್ ಹಿಂದೆಯೇ ಹೋದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಕಾಯಿಲ್ ನಿರಪರಾಧಿ. ಪವರ್‌ಪ್ಯಾಕ್, ಟ್ರಿಗರ್, ಸ್ಟೇಟರ್ ಕಡೆಗೆ ಹೋಗಿ. ಸ್ಟೇಟರ್ ಅಂದರೆ ಫ್ಲೈವೀಲ್ ಕೆಳಗೆ ಕರೆಂಟ್ ತಯಾರಿಸುವ ಸುರುಳಿಗಳು. ಟ್ರಿಗರ್ ಯಾವಾಗ ಕಿಡಿ ಹಾರಿಸಬೇಕು ಅಂತ ಸಂಕೇತ ಕೊಡುತ್ತದೆ. ಇವುಗಳ ವೋಲ್ಟೇಜ್ ಕ್ಷಣಮಾತ್ರದ ಮಿಡಿತವಾದ್ದರಿಂದ ಸಾದಾ ಮಲ್ಟಿಮೀಟರ್ ಅದನ್ನು ಸರಿಯಾಗಿ ತೋರಿಸುವುದಿಲ್ಲ. ಪೀಕ್ ವೋಲ್ಟೇಜ್ ಅಡಾಪ್ಟರ್ ಬೇಕು. ತಣ್ಣಗಿದ್ದಾಗ ಓಮ್ಸ್ ಸರಿ ಬಂದ ಮಾತ್ರಕ್ಕೆ ಕಾಯಿಲ್ ಸರಿಯಿದೆ ಅಂತಲೂ ಅಲ್ಲ.

ಎಲ್ಲ ಸಿಲಿಂಡರ್‌ಗಳೂ ಆಗಾಗ ಒಟ್ಟಿಗೆ ಸಾಯುತ್ತಿದ್ದರೆ ಸ್ಟಾಪ್ ವಯರ್ ನೋಡಿ. ಕೀ ಅಥವಾ ಕಿಲ್ ಸ್ವಿಚ್ ಒಳಗೆ ತೇವ ಸೇರಿದರೆ ಓಡುವಾಗಲೇ ಇಂಜಿನ್ನಿಗೆ "ನಿಲ್ಲು" ಅಂತ ಹೇಳುತ್ತಿರುತ್ತದೆ. ಆ ವಯರ್ ಕಳಚಿದಾಗ ಮಿಸ್ ಹೋದರೆ ಕಳ್ಳ ಸಿಕ್ಕಿದ. ಆದರೆ ವಯರ್ ಕಳಚಿದ ಮೇಲೆ ಕೀ ತಿರುಗಿಸಿದರೂ, ಸೊಂಟಕ್ಕೆ ಕಟ್ಟಿದ ಹಗ್ಗ ಎಳೆದರೂ ಇಂಜಿನ್ ನಿಲ್ಲುವುದಿಲ್ಲ. ಈ ಪರೀಕ್ಷೆ ಕಟ್ಟಿಹಾಕಿದ ಬೋಟ್‌ನಲ್ಲಿ, ನ್ಯೂಟ್ರಲ್‌ನಲ್ಲಿ ಮಾತ್ರ. ಚೋಕ್ ಎಳೆದು ಅಥವಾ ಪೆಟ್ರೋಲ್ ಹೋಸ್ ತೆಗೆದು ನಿಲ್ಲಿಸಲು ಸಿದ್ಧರಾಗಿರಿ.

ಇಂಜೆಕ್ಷನ್ ಇರುವ (ಕಾರ್ಬೊರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ) ಮೋಟಾರಾದರೆ ಇದಕ್ಕೆಲ್ಲ ಮೊದಲು ಬ್ಯಾಟರಿ ನೋಡಿ. ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವಾಗ 12.6 ವೋಲ್ಟ್ ಹತ್ತಿರ, ಓಡುವಾಗ ಸುಮಾರು 13.5ರಿಂದ 14.5 ಇರಬೇಕು. ಟರ್ಮಿನಲ್ ಸಡಿಲವಿದ್ದರೆ ಪ್ರತಿ ಅಲೆಗೂ ಕಂಪ್ಯೂಟರ್‌ಗೆ ಕರೆಂಟ್ ಕಡಿದು ಬರುತ್ತದೆ. ಕೈಯಲ್ಲಿ ತಿರುಗಿಸುವ ರೆಕ್ಕೆ ನಟ್ ಬಿಟ್ಟು ಸ್ಪ್ಯಾನರ್‌ನಲ್ಲಿ ಬಿಗಿಯುವ ನಟ್ ಹಾಕಿ. ಓಡುವಾಗ ಬ್ಯಾಟರಿ ಸ್ವಿಚ್ ಮಾತ್ರ ಆಫ್ ಮಾಡಬೇಡಿ, ಬ್ಯಾಟರಿ ಚಾರ್ಜ್ ಆಗಲು ಕರೆಂಟನ್ನು ಡಿಸಿಗೆ ಬದಲಿಸುವ ರೆಕ್ಟಿಫೈಯರ್ ಸುಟ್ಟುಹೋಗಬಹುದು.

ಹಂತ 7: ಕಂಪ್ರೆಷನ್

ಕಾರ್ಬೊರೇಟರ್ ಬಿಚ್ಚುವ ಮೊದಲೇ ಇದನ್ನು ಮಾಡಿ. ಇಂಜಿನ್ ಬೆಚ್ಚಗಿರಲಿ. ಎಲ್ಲ ಪ್ಲಗ್ ತೆಗೆದು, ವಯರ್‌ಗಳನ್ನು ಅರ್ತ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಒಂದೊಂದೇ ಸಿಲಿಂಡರ್ ಅಳೆಯಿರಿ. ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. 10ರಿಂದ 15 ಶೇಕಡಾ ಒಳಗಿದ್ದರೆ ಚಿಂತೆಯಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಜಾಸ್ತಿ. ಒಂದು ಮಾತ್ರ ತೀರಾ ಕಡಿಮೆಯಿದ್ದರೆ ಪ್ಲಗ್, ಕಾಯಿಲ್, ಜೆಟ್ ಯಾವುದರಿಂದಲೂ ಪ್ರಯೋಜನವಿಲ್ಲ. ಇಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ ಹತ್ತಿರ ಹೋಗಿ.

ಹಂತ 8: ಕಾರ್ಬೊರೇಟರ್ ಅಥವಾ ಇಂಜೆಕ್ಟರ್

ಕಿಡಿ ಇದೆ, ಕಂಪ್ರೆಷನ್ ಇದೆ, ಹೊಸ ಪೆಟ್ರೋಲ್ ಮೋಟಾರಿನವರೆಗೆ ಬರುತ್ತಿದೆ ಅಂದಮೇಲೆ ಉಳಿದದ್ದು ಇದೇ. ಮೊದಲು ಕಾರ್ಬೊರೇಟರ್ ತಳದ ಬಟ್ಟಲಿನ ಡ್ರೈನ್ ಸ್ಕ್ರೂ ತೆಗೆದು ನೋಡಿ. ನೀರಿನ ಹನಿ, ಕಸ ಬಂದರೆ ಸುಳಿವು ಸಿಕ್ಕಿತು. ಬಿಚ್ಚುವುದಾದರೆ ಪ್ರತಿ ಹೆಜ್ಜೆಗೂ ಫೋಟೋ ತೆಗೆದುಕೊಳ್ಳಿ. ಜೆಟ್‌ಗೆ ತಂತಿ ಚುಚ್ಚಬೇಡಿ, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಅಳತೆ ತಪ್ಪುತ್ತದೆ. ಕ್ಲೀನರ್ ಸಿಂಪಡಿಸಿ ಗಾಳಿ ಊದಿ, ಕಣ್ಣಿಗೆ ಕನ್ನಡಕ ಇರಲಿ. ಒಂದರಲ್ಲಿ ಮಾತ್ರ ಕಸ ಸಿಕ್ಕರೂ ಎಲ್ಲವನ್ನೂ ಸ್ವಚ್ಛ ಮಾಡಿ. ಅವೆಲ್ಲ ಕುಡಿದಿದ್ದು ಒಂದೇ ಪೆಟ್ರೋಲ್ ತಾನೇ.

ಇಂಜೆಕ್ಷನ್ ಮೋಟಾರಿನಲ್ಲಿ ಮನೆಯಲ್ಲಿ ಮಾಡುವುದು ಕಡಿಮೆ. ಫಿಲ್ಟರ್‌ಗಳನ್ನು ಬದಲಾಯಿಸಿ, ಫಾಲ್ಟ್ ಕೋಡ್ ಓದಿಸಿ. ಪೆಟ್ರೋಲ್ ಪೈಪ್‌ನಲ್ಲಿ ಇಂಜಿನ್ ಆರಿದ ಮೇಲೂ ಒತ್ತಡ ಇರುತ್ತದೆ, ಒತ್ತಡ ಇಳಿಸದೆ ಬಿಚ್ಚಿದರೆ ಮುಖಕ್ಕೆ ಚಿಮ್ಮುತ್ತದೆ.

ಸರಿಹೋಯಿತು ಅನಿಸಿದ ಮೇಲೆ

ಹೋಸ್ ಕಟ್ಟಿ ಐಡಲ್‌ನಲ್ಲಿ ಕೇಳಿ ಸಮಾಧಾನಪಡಬೇಡಿ. ನೀರಿಗಿಳಿಸಿ, ಮಾಮೂಲಿ ಭಾರ ಹಾಕಿ ಓಡಿಸಿ. ಫುಲ್ ಥ್ರಾಟಲ್‌ನಲ್ಲಿ ಮ್ಯಾನ್ಯುಯಲ್ ಹೇಳಿದ ಆರ್‌ಪಿಎಂ ಮುಟ್ಟುತ್ತಿದೆಯಾ ನೋಡಿ. ವಾಪಸ್ ಬಂದು ಇನ್ನೊಮ್ಮೆ ಪ್ಲಗ್ ಬಿಚ್ಚಿದರೆ ಎಲ್ಲವೂ ಹೆಚ್ಚುಕಮ್ಮಿ ಒಂದೇ ಬಣ್ಣ ಇರಬೇಕು. ಪರೀಕ್ಷೆ ಮಾಡುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರು ಭಾಗ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ, ಮತ್ತೆ ಮಿಸ್ ಬಂದಾಗ ಮೊದಲಿನಿಂದ ಶುರು.

ಮೆಕ್ಯಾನಿಕ್ ಹತ್ತಿರ ಹೋಗಬೇಕಾಗಿ ಬಂದರೆ ಹಂತ 1ರ ಚೀಟಿ, ಕಂಪ್ರೆಷನ್ ಅಂಕಿಗಳು ಮತ್ತು ಬಿಚ್ಚಿದ ಪ್ಲಗ್‌ಗಳನ್ನು ಒಯ್ಯಿರಿ. ಪ್ಲಗ್‌ಗಳನ್ನು ಒರೆಸಬೇಡಿ, ಪ್ರತಿಯೊಂದಕ್ಕೂ ಸಿಲಿಂಡರ್ ನಂಬರ್ ಬರೆದ ಟೇಪ್ ಅಂಟಿಸಿ.